ಹವಾಯಿ: 61 ವರ್ಷ ಕಾದ ರಾಜ್ಯ

ಹವಾಯಿ ಅಮೆರಿಕದ 50ನೇ ರಾಜ್ಯವಾದದ್ದು 1959ರ ಆಗಸ್ಟ್ 21ರಂದು. ಅಮೆರಿಕದ ಕೈಸೇರಿ ಆಗಲೇ 61 ವರ್ಷ ಕಳೆದಿತ್ತು. ಸೇನೆಗೆ ಆ ದ್ವೀಪಗಳು ಬೇಕಿದ್ದವು. ಅಲ್ಲಿನ ಜನರಿಗೆ ಸಮಾನ ಮತ ಕೊಡಲು ವಾಷಿಂಗ್ಟನ್‌ಗೆ ಮನಸ್ಸಿರಲಿಲ್ಲ.

ಸ್ವತಂತ್ರ ಅರಸೊತ್ತಿಗೆಯಾಗಿದ್ದ ಹವಾಯಿ, ತನ್ನ ಸಕ್ಕರೆಗೆ ಸುಂಕವಿಲ್ಲದ ಮಾರುಕಟ್ಟೆ ಉಳಿಸಿಕೊಳ್ಳಲು 1887ರಲ್ಲಿ ಪರ್ಲ್ ಹಾರ್ಬರನ್ನು ಅಮೆರಿಕದ ನೌಕಾಪಡೆಗೆ ಬಿಟ್ಟುಕೊಟ್ಟಿತು. 1893ರ ಜನವರಿಯಲ್ಲಿ ಬಿಳಿಯ ವರ್ತಕರು, ತೋಟದ ಒಡೆಯರು ಸೇರಿ ರಾಣಿ ಲಿಲಿಯುಒಕಲಾನಿಯನ್ನು ಕೆಳಗಿಳಿಸಿದಾಗ, ಅಮೆರಿಕದ ‘ಬಾಸ್ಟನ್’ ಯುದ್ಧನೌಕೆಯಿಂದ ಇಳಿದ ತುಕಡಿ ಅರಮನೆಯ ಹತ್ತಿರವೇ ಬೀಡುಬಿಟ್ಟಿತ್ತು. 1898ರಲ್ಲಿ ಸ್ಪೇನ್ ವಿರುದ್ಧದ ಯುದ್ಧ ಫಿಲಿಪ್ಪೀನ್ಸ್‌ಗೆ ಹಬ್ಬಿತು. ನಡುದಾರಿಯಲ್ಲಿ ನೌಕಾನೆಲೆ ಬೇಕಾಗಿದ್ದ ಅಮೆರಿಕ ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡಿತು. 1900ರಿಂದ ಹವಾಯಿ ‘ಟೆರಿಟರಿ’: ಗವರ್ನರ್‌ನನ್ನು ಅಧ್ಯಕ್ಷರೇ ನೇಮಿಸುತ್ತಿದ್ದರು, ಸಂಸತ್ತಿನಲ್ಲಿದ್ದ ಏಕೈಕ ಪ್ರತಿನಿಧಿಗೆ ಮತದ ಹಕ್ಕಿರಲಿಲ್ಲ.

ಕಬ್ಬಿನ ತೋಟದ ಒಡೆಯರಿಗೆ ಈ ಏರ್ಪಾಡು ಒಗ್ಗಿತ್ತು. 1934ರ ಸಕ್ಕರೆ ಕಾಯ್ದೆ ಹವಾಯಿಯ ಕೋಟಾಕ್ಕೆ ಕತ್ತರಿ ಹಾಕಿದ ಮೇಲೆ ಅವರೂ ರಾಜ್ಯದ ಸ್ಥಾನಮಾನ ಕೇಳತೊಡಗಿದರು. ಆದರೆ ತೋಟದ ಕೂಲಿಗೆಂದು ಕರೆತಂದ ಜಪಾನಿಯರ ಸಂತತಿ 1940ರ ಹೊತ್ತಿಗೆ ಜನಸಂಖ್ಯೆಯ ಶೇ 37ರಷ್ಟಿತ್ತು. ಅವರ ನಿಷ್ಠೆಯ ಮೇಲಿನ ಅನುಮಾನವೇ ವಿರೋಧಿಗಳ ಅಸ್ತ್ರವಾಯಿತು.

1941ರ ಡಿಸೆಂಬರ್ 7ರಂದು ಜಪಾನ್ ದಾಳಿ ಮಾಡಿದ ದಿನವೇ ಸೇನಾಡಳಿತ ಜಾರಿಗೆ ಬಂತು. ಅದು ತೆರವಾದದ್ದು 1944ರ ಅಕ್ಟೋಬರ್‌ನಲ್ಲಿ. ನಾಗರಿಕರನ್ನು ಸೇನಾ ನ್ಯಾಯಾಲಯಗಳು ವಿಚಾರಿಸಿದವು. ಜನರ ಬೆರಳಚ್ಚು ಪಡೆದು ಗುರುತಿನ ಚೀಟಿ ಕೊಡಲಾಯಿತು, ಕಾಗದಪತ್ರಗಳನ್ನು ಒಡೆದು ಓದಲಾಯಿತು. ಡಾಲರ್ ನೋಟುಗಳ ಬೆನ್ನಿಗೆ ದೊಡ್ಡಕ್ಷರದಲ್ಲಿ ‘ಹವಾಯಿ’ ಎಂದು ಅಚ್ಚೊತ್ತಿದರು: ದ್ವೀಪ ಜಪಾನಿನ ವಶವಾದರೆ ಆ ನೋಟುಗಳನ್ನಷ್ಟೇ ರದ್ದು ಮಾಡಬಹುದಿತ್ತು. ನಾಗರಿಕರನ್ನು ಸೇನಾ ನ್ಯಾಯಾಲಯದಲ್ಲಿ ವಿಚಾರಿಸಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1946ರಲ್ಲಿ ತೀರ್ಪಿತ್ತಿತು.

ಅನುಮಾನಕ್ಕೆ ಉತ್ತರವೂ ಸೇನೆಯ ಮೂಲಕವೇ ಬಂತು. 1943ರಲ್ಲಿ ಹವಾಯಿಯಿಂದ 1,500 ಜಪಾನಿ ಮೂಲದ ಯುವಕರನ್ನು ಕೇಳಿದರೆ ಸುಮಾರು 10,000 ಮಂದಿ ಮುಂದೆ ಬಂದರು. ಅವರ 442ನೇ ರೆಜಿಮೆಂಟ್ ಯುರೋಪಿನಲ್ಲಿ ಕಾದಾಡಿತು. ಆ ಪಡೆಯಲ್ಲಿದ್ದು ಇಟಲಿಯಲ್ಲಿ ಬಲಗೈ ಕಳೆದುಕೊಂಡ ಡೇನಿಯಲ್ ಇನೌಯೆ 1959ರಲ್ಲಿ ಹೊಸ ರಾಜ್ಯದಿಂದ ಸಂಸತ್ತಿಗೆ ಆಯ್ಕೆಯಾದರು.

ಆದರೂ ಯುದ್ಧ ಮುಗಿದು 14 ವರ್ಷ ಕಾಯಬೇಕಾಯಿತು. ಹವಾಯಿಯ ಸೆನೆಟರ್‌ಗಳು ಕರಿಯರ ನಾಗರಿಕ ಹಕ್ಕುಗಳ ಪರ ಮತ ಹಾಕಿಯಾರೆಂದು ದಕ್ಷಿಣದ ಸೆನೆಟರ್‌ಗಳು ಅಡ್ಡಗಾಲು ಹಾಕಿದರು. 1949ರ ಬಂದರು ಕಾರ್ಮಿಕರ ಮುಷ್ಕರ ಕಮ್ಯುನಿಸಂ ಭೀತಿಗೆ ನೆಪ ಒದಗಿಸಿತು. ಕೊನೆಗೆ ಅಲಾಸ್ಕದ ಬೆನ್ನಿಗೆ ಹವಾಯಿಯ ಮಸೂದೆಯೂ ಅಂಗೀಕಾರವಾಯಿತು.

1959ರ ಜೂನ್‌ನ ಜನಮತಗಣನೆಯಲ್ಲಿ ಶೇ 94ರಷ್ಟು ಮಂದಿ ರಾಜ್ಯದ ಪರ ನಿಂತರು. ಮತಪತ್ರದಲ್ಲಿ ಸ್ವಾತಂತ್ರ್ಯದ ಆಯ್ಕೆ ಇರಲಿಲ್ಲ. ಮೂಲನಿವಾಸಿಗಳೇ ಹೆಚ್ಚಿರುವ ನಿಹಾವು ದ್ವೀಪ ಮಾತ್ರ ‘ಬೇಡ’ ಎಂದಿತು. ರಾಣಿಯನ್ನು ಪದಚ್ಯುತಗೊಳಿಸಿದ್ದರಲ್ಲಿ ತನ್ನ ಪಾತ್ರಕ್ಕೆ ಅಮೆರಿಕ ಅಧಿಕೃತವಾಗಿ ಕ್ಷಮೆ ಕೇಳಿದ್ದು 1993ರಲ್ಲಿ, ಘಟನೆ ನಡೆದು ನೂರು ವರ್ಷಗಳ ಮೇಲೆ.