ಆಡಳಿತದ ನುಡಿ

ರಾಜ್ಯವು ತನ್ನ ಪ್ರಜೆಗಳೊಡನೆ ವ್ಯವಹರಿಸುವ ಭಾಷೆಯೇ ಆಡಳಿತ ಭಾಷೆ. ಶಾಸನಗಳು ರಚಿತವಾಗುವುದು, ಕಂದಾಯದ ಲೆಕ್ಕ ಬರೆಯುವುದು, ನ್ಯಾಯಾಲಯಗಳು ತೀರ್ಪು ನೀಡುವುದು ಈ ಭಾಷೆಯಲ್ಲಿಯೇ. ಒಂದೇ ನುಡಿಯನ್ನಾಡುವ ಜನರಿರುವ ನಾಡಿನಲ್ಲಿ ಆಡಳಿತ ಭಾಷೆ ಯಾವುದಾಗಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಹಲವು ನುಡಿಗಳ ನಾಡಾದ ಭಾರತದಲ್ಲಿ ಇದು ಬಹುಕಾಲದಿಂದ ಚರ್ಚೆಗೆ ವಸ್ತುವಾಗಿದೆ. ಇಂಗ್ಲಿಷೇ ರಾಷ್ಟ್ರದ ಆಡಳಿತ ಭಾಷೆಯಾಗಿರಲಿ ಎಂದು ವಾದಿಸುವವರಿದ್ದಾರೆ. ಅದು ಸಲ್ಲದೆಂದು ವಾದಿಸುವವರೂ ಇದ್ದಾರೆ. ಎರಡು ಪಕ್ಷಗಳ ಮಾತನ್ನೂ ಸಮಚಿತ್ತದಿಂದ ಪರಿಶೀಲಿಸುವುದು ಒಳ್ಳೆಯದು.

ಮಂಡ್ಯ ಜಿಲ್ಲೆಯ ಇತಿಹಾಸವು ಈ ವಿಷಯದಲ್ಲಿ ನಮಗೆ ದಾರಿ ತೋರಬಲ್ಲುದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ವೀರಗಲ್ಲು ಪ್ರಸಿದ್ಧವಾದುದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು ತನ್ನ ಒಡೆಯನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ಕನ್ನಡದಲ್ಲಿ ಕೆತ್ತಿಸಲಾಗಿದೆ. ಭೂಮಿ ಯಾರಿಗೆ, ಯಾವ ಕಾರಣಕ್ಕೆ ಸೇರಿತು ಎಂಬ ರಾಜ್ಯದ ಮಾತನ್ನು ಊರಿನ ಮಾತಿನಲ್ಲಿಯೇ ಬರೆಯಿಸಿದುದು ಗಮನಾರ್ಹ. ಓದಲು ಬಾರದವನಿಗೂ ಬೇರೊಬ್ಬರು ಓದಿ ಹೇಳಿದರೆ ಸಾಕು, ಅರ್ಥವಾಗುತ್ತಿತ್ತು.

ಕಾಲಾಂತರದಲ್ಲಿ ಪರಿಸ್ಥಿತಿ ಬದಲಾಯಿತು. ಶ್ರೀರಂಗಪಟ್ಟಣವು ರಾಜಧಾನಿಯಾಗಿದ್ದಾಗ ಟಿಪ್ಪುಸುಲ್ತಾನನ ಆಳ್ವಿಕೆಯಲ್ಲಿ ಪಾರಸಿಗೆ ಪ್ರಾಧಾನ್ಯ ದೊರೆಯಿತು. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ ಮೇಲಿನ ಕಚೇರಿಗಳಲ್ಲಿ ಇಂಗ್ಲಿಷ್ ನೆಲೆಯೂರಿತು. ಮಳವಳ್ಳಿಯ ತಾಲ್ಲೂಕು ಕಚೇರಿಗೆ ಹೋದವರ ಕಿವಿಗೆ ಇಂದಿಗೂ ತಹಸೀಲ್ದಾರ್, ಶಿರಸ್ತೇದಾರ್, ಜಮಾಬಂದಿ, ನೋಟೀಸು ಎಂಬ ಮಾತುಗಳು ಬೀಳುತ್ತವೆ. ನಮ್ಮನ್ನಾಳಿದವರು ಬಿಟ್ಟುಹೋದ ಹೆಜ್ಜೆಗುರುತುಗಳಿವು. ಬಳಕೆಯಿಂದ ಇವೂ ಕನ್ನಡವೇ ಆಗಿವೆ.

ಸ್ವಾತಂತ್ರ್ಯಾನಂತರ 1949ರ ಸೆಪ್ಟೆಂಬರಿನಲ್ಲಿ ಸಂವಿಧಾನ ಸಭೆಯು ಭಾಷೆಯ ಪ್ರಶ್ನೆಯನ್ನು ದೀರ್ಘವಾಗಿ ಚರ್ಚಿಸಿತು. ದೇವನಾಗರಿ ಲಿಪಿಯ ಹಿಂದಿಯು ಒಕ್ಕೂಟದ ಆಡಳಿತ ಭಾಷೆಯಾಗಬೇಕು, ಇಂಗ್ಲಿಷು ಹದಿನೈದು ವರ್ಷ ಮುಂದುವರಿಯಬೇಕು ಎಂದು ನಿರ್ಣಯವಾಯಿತು. ಅವಧಿಯು 1965ರಲ್ಲಿ ಮುಗಿಯುವುದಿತ್ತು. ಆದರೆ ಹಿಂದಿಯೇತರ ಪ್ರಾಂತಗಳ ಜನರು, ತಮ್ಮ ಮೇಲೆ ಹಿಂದಿಯನ್ನು ಹೇರಿದಂತಾಗುವುದೆಂದು ಆತಂಕಗೊಂಡರು. ಅಂದಿನ ಮದರಾಸು ರಾಜ್ಯದಲ್ಲಿ ಆ ವರ್ಷ ಉಗ್ರ ಚಳವಳಿ ನಡೆದು ಪ್ರಾಣಹಾನಿಯೂ ಆಯಿತು. ಇಂಗ್ಲಿಷ್ ಮುಂದುವರಿಯಲು 1963ರ ಅಧಿಕೃತ ಭಾಷೆಗಳ ಅಧಿನಿಯಮವು ಅವಕಾಶ ನೀಡಿತ್ತು. 1967ರ ತಿದ್ದುಪಡಿಯು ಅದಕ್ಕೆ ಇನ್ನಷ್ಟು ಭದ್ರತೆ ಒದಗಿಸಿತು. ಹೀಗೆ ಹದಿನೈದು ವರ್ಷಕ್ಕೆಂದು ಉಳಿಸಿಕೊಂಡ ಇಂಗ್ಲಿಷ್ ಇಂದಿಗೂ ಹಿಂದಿಯ ಜೊತೆಯಲ್ಲಿ ನಿಂತಿದೆ.

ಇಂಗ್ಲಿಷಿನ ಪರವಾದ ವಾದಗಳು ಹಗುರವಾದುವಲ್ಲ. ಒಂದನೆಯದಾಗಿ, ಅದು ಭಾರತದ ಯಾವೊಂದು ಪ್ರಾಂತದ ಸ್ವತ್ತೂ ಅಲ್ಲ. ಎಲ್ಲರೂ ಅದನ್ನು ಸಮನಾಗಿ ಕಲಿಯಬೇಕಾದುದರಿಂದ ಯಾರಿಗೂ ಹುಟ್ಟಿನಿಂದಲೇ ಮೇಲುಗೈ ದೊರೆಯುವುದಿಲ್ಲ. ನಾಗಾಲ್ಯಾಂಡಿನಂಥ ಬಹುಭಾಷಿಕ ರಾಜ್ಯವು ಇಂಗ್ಲಿಷನ್ನೇ ತನ್ನ ಆಡಳಿತ ಭಾಷೆಯಾಗಿ ಆರಿಸಿಕೊಂಡಿದೆ. ಎರಡನೆಯದಾಗಿ, ವಿಜ್ಞಾನ ಮತ್ತು ಯಂತ್ರವಿದ್ಯೆಗಳು ನಮಗೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಬಂದವು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದು ಹೊರನಾಡುಗಳ ಯಂತ್ರಗಳ, ತಂತ್ರಜ್ಞಾನದ ನೆರವಿನಿಂದ. ಜಗತ್ತಿನೊಡನೆ ವ್ಯವಹರಿಸಲು ಆ ಬಾಗಿಲು ತೆರೆದಿರಲೇಬೇಕು.

ಹೀಗಿದ್ದರೂ ಎದುರು ಪಕ್ಷದ ವಾದವು ಇನ್ನೂ ಮೂಲಭೂತವಾದುದು. 2011ರ ಜನಗಣತಿಯಂತೆ, ಇಂಗ್ಲಿಷ್ ಬಲ್ಲೆವೆಂದು ಹೇಳಿದವರು ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಮಾತ್ರ. ಉಳಿದವರು ತಮ್ಮನ್ನೇ ಕುರಿತ ಆಜ್ಞೆಯನ್ನು ಅರಿಯಲು ಇನ್ನೊಬ್ಬರ ಕೈ ಕಾಯಬೇಕು. ಸ್ವಾರಸ್ಯದ ಸಂಗತಿಯೆಂದರೆ, ಇಂಗ್ಲೆಂಡಿನ ಜನರೇ ಒಮ್ಮೆ ಈ ಕಷ್ಟವನ್ನು ಅನುಭವಿಸಿದ್ದರು. ಅಲ್ಲಿನ ನ್ಯಾಯಾಲಯಗಳಲ್ಲಿ ಫ್ರೆಂಚ್ ನಡೆಯುತ್ತಿತ್ತು. ಜನರಿಗೆ ಆ ಭಾಷೆ ತಿಳಿಯದೆಂಬ ಕಾರಣದಿಂದ, ವಾದವಿವಾದಗಳು ಇಂಗ್ಲಿಷಿನಲ್ಲಿಯೇ ನಡೆಯಬೇಕೆಂದು 1362ರಲ್ಲಿ ಕಾನೂನು ಮಾಡಲಾಯಿತು. ಆ ಕಾನೂನು ಕೂಡ ಫ್ರೆಂಚ್ ಭಾಷೆಯಲ್ಲಿಯೇ ಬರೆಯಲ್ಪಟ್ಟಿತ್ತು!

ಆಡಳಿತದ ಮಾತು ತಿಳಿಯದಿದ್ದರೆ ಆಗುವ ಹಾನಿ ಎಷ್ಟೆಂಬುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಬೆಂಗಳೂರು–ಮೈಸೂರು ನಡುವಣ ಹೊಸ ಹೆದ್ದಾರಿಯು 2023ರಲ್ಲಿ ಉದ್ಘಾಟನೆಯಾಯಿತು. ಅದು ಮದ್ದೂರು, ಮಂಡ್ಯ ತಾಲ್ಲೂಕುಗಳ ಮೂಲಕ ಹಾದುಹೋಗುತ್ತದೆ. ಇಂತಹ ಹೆದ್ದಾರಿಗೆ ಭೂಮಿಯನ್ನು ವಶಪಡಿಸಿಕೊಳ್ಳುವಾಗ, 1956ರ ರಾಷ್ಟ್ರೀಯ ಹೆದ್ದಾರಿಗಳ ಅಧಿನಿಯಮದಂತೆ, ಅಧಿಸೂಚನೆ ಪ್ರಕಟವಾದ 21 ದಿನಗಳೊಳಗಾಗಿ ಆಕ್ಷೇಪಣೆಯನ್ನು ಸಲ್ಲಿಸಬೇಕು. ಅಧಿಸೂಚನೆಯ ಸಾರಾಂಶವು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು. ಅವುಗಳಲ್ಲಿ ಒಂದು ದೇಶಭಾಷೆಯದಾಗಿರಬೇಕು ಎಂದು ಅದೇ ಕಾನೂನು ವಿಧಿಸಿದೆ. ಈ ಒಂದು ವಾಕ್ಯ ಕಾನೂನಿನಲ್ಲಿ ಇಲ್ಲದಿದ್ದಲ್ಲಿ, ಕನ್ನಡವನ್ನಷ್ಟೇ ಬಲ್ಲ ರೈತನಿಗೆ ತನ್ನ ಗದ್ದೆ ಕೈಬಿಡುತ್ತಿರುವ ಸುದ್ದಿ ಗಡುವು ಮೀರಿದ ಮೇಲೆ ತಿಳಿಯಬಹುದಿತ್ತು. ಹಕ್ಕು ಇದ್ದರೆ ಸಾಲದು, ಅದು ಅರ್ಥವಾಗುವ ಭಾಷೆಯಲ್ಲಿಯೂ ಇರಬೇಕು.

ನಮ್ಮ ರಾಜ್ಯವು 1963ರ ಅಧಿನಿಯಮದ ಮೂಲಕ ಕನ್ನಡವನ್ನು ಆಡಳಿತ ಭಾಷೆಯನ್ನಾಗಿ ಮಾಡಿತು. ಗಣಕಯಂತ್ರದಿಂದ ಪಡೆಯುವ ಪಹಣಿಯೂ ಈಗ ಕನ್ನಡದಲ್ಲಿದೆ. ಆದರೆ ಸಂವಿಧಾನದ 348ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯದ ಹಾಗೂ ಉಚ್ಚ ನ್ಯಾಯಾಲಯಗಳ ವ್ಯವಹಾರವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಮಳವಳ್ಳಿಯಲ್ಲಿ ಕನ್ನಡದಲ್ಲಿ ನಡೆದ ವ್ಯಾಜ್ಯವು ಬೆಂಗಳೂರಿಗೆ ಹೋದೊಡನೆ ಕಕ್ಷಿಗಾರನ ಕಿವಿಗೆ ಅಪರಿಚಿತವಾಗಿಬಿಡುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರಿಂದ ತನ್ನ ಆಯ್ದ ತೀರ್ಪುಗಳನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಿಗೆ ಅನುವಾದಿಸಿ ಪ್ರಕಟಿಸುತ್ತಿರುವುದು ಸ್ವಾಗತಾರ್ಹ.

ಹಾಗಾದರೆ ಇಂಗ್ಲಿಷನ್ನು ತ್ಯಜಿಸಬೇಕೆ? ಇದಕ್ಕೆ ಮಂಡ್ಯ ಜಿಲ್ಲೆಯ ಬೆಳ್ಳೂರಿನ ಮನೆತನಕ್ಕೆ ಸೇರಿದ ಬಿ. ಎಂ. ಶ್ರೀಕಂಠಯ್ಯನವರ ಜೀವನವೇ ಉತ್ತರ. ಅವರು ಇಂಗ್ಲಿಷ್ ಪ್ರಾಧ್ಯಾಪಕರು. ಆದರೂ 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ, ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ನೀಡಿದರು. ಇಂಗ್ಲಿಷಿನ ಕವಿತೆಗಳನ್ನು ಕನ್ನಡಕ್ಕೆ ತಂದು ಹೊಸ ಕಾವ್ಯಕ್ಕೆ ಹಾದಿ ಮಾಡಿಕೊಟ್ಟರು. ಪರಭಾಷೆಯಲ್ಲಿ ಗಳಿಸಿದುದನ್ನು ಸ್ವಭಾಷೆಯ ಜನರಿಗೆ ಹಂಚಿದ ಹಿರಿಮೆ ಅವರದು.

ಇಂಗ್ಲಿಷು ಹೊರಲೋಕವನ್ನು ಕಾಣುವ ಕಿಟಕಿಯಾಗಿರಲಿ. ಪ್ರಾಂತ ಪ್ರಾಂತಗಳನ್ನು ಬೆಸೆಯುವ ಕೊಂಡಿಯೂ ಆಗಿರಲಿ. ಆದರೆ ಕಂದಾಯ ತೆರುವವನು ತನ್ನ ರಶೀದಿಯನ್ನು, ನ್ಯಾಯ ಬೇಡುವವನು ತನ್ನ ತೀರ್ಪನ್ನು ತಾನೇ ಓದಿ ತಿಳಿಯುವಂತಿರಬೇಕು. ಪ್ರಜೆಗೆ ಅರ್ಥವಾಗದ ಆಡಳಿತವು ಎಷ್ಟೇ ದಕ್ಷವಾಗಿದ್ದರೂ ಪ್ರಜೆಯದೆನಿಸದು.