ಬಲಮೂಲೆಯ ಮಸುಕು ಅಕ್ಷರ

ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲೆ ಸಾಲಾಗಿರುವ ಊರುಗಳು. ಮೂರರಲ್ಲೂ ಬಸ್‌ಸ್ಟ್ಯಾಂಡ್ ಸುತ್ತಮುತ್ತ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿಯ ಅಂಗಡಿಗಳಿವೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆವಿಮೆ, ಲಗ್ನಪತ್ರಿಕೆ ಎಲ್ಲಕ್ಕೂ ಅಲ್ಲಿರುವುದು ಒಂದೋ ಎರಡೋ ಕಂಪ್ಯೂಟರ್. ಒಂದು ದಿನ ಪರದೆಯ ಕೆಳಗೆ ಬಲಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಅಕ್ಷರ ಮೂಡುತ್ತದೆ. ಅಂಗಡಿಯವರು ಮೆಕ್ಯಾನಿಕ್ ಬಳಿ ಓಡುತ್ತಾರೆ: “ಸಿಸ್ಟಮ್ ಕೆಟ್ಟೈತ್ರಿ, ಫಾರ್ಮ್ಯಾಟ್ ಹೊಡದು ಕೊಡ್ರಿ.”

ಸಿಸ್ಟಮ್ ಕೆಟ್ಟಿರುವುದಿಲ್ಲ. ಫೈಲುಗಳು ತೆರೆಯುತ್ತವೆ, ಪ್ರಿಂಟ್ ಬರುತ್ತದೆ. ಹಿನ್ನೆಲೆ ಚಿತ್ರ, ಬಣ್ಣ ಬದಲಿಸುವಂಥ ಕೆಲವು ಸೆಟ್ಟಿಂಗ್‌ಗಳಿಗೆ ಮಾತ್ರ ಬೀಗ ಬಿದ್ದಿರುತ್ತದೆ. ಹಾಗಾಗಿ ಗಾಬರಿ ಬೇಡ. ಏನು ಬದಲಾಯಿತು ಎಂದು ಮೊದಲು ಕೇಳಿಕೊಳ್ಳಬೇಕು.

ಆ್ಯಕ್ಟಿವೇಶನ್ ಅಂದರೆ ಗುರುತು ಹೊಂದಿಸುವ ಕೆಲಸ. ಇದಕ್ಕೆ ಮಸ್ಕಿಯಲ್ಲೇ ಒಂದು ಹೋಲಿಕೆ ಸಿಗುತ್ತದೆ. ‘ದೇವಾನಾಂಪ್ರಿಯ’ ಎಂಬ ಬಿರುದು ದೇಶದ ಹಲವು ಶಾಸನಗಳಲ್ಲಿ ಕಂಡಿತ್ತು, ಆದರೆ ಜೊತೆಗೆ ಅಶೋಕನ ಹೆಸರು ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಕಂಡ ಮೇಲೆ ಬಿರುದೂ ಹೆಸರೂ ಒಂದೇ ಕಡೆ ಸಿಕ್ಕವು. ಇಪ್ಪತ್ತೈದು ಅಕ್ಷರಗಳ ಪ್ರಾಡಕ್ಟ್ ಕೀ ಆ ಬಿರುದಿನ ಹಾಗೆ. ಅದು ಯಾವ ಯಂತ್ರಕ್ಕೆ ಸೇರಿದ್ದು, ವಿಂಡೋಸ್‌ನ ಯಾವ ಆವೃತ್ತಿಗೆ ಸೇರಿದ್ದು ಎಂಬುದು ಮೈಕ್ರೋಸಾಫ್ಟ್ ಸರ್ವರ್‌ನಲ್ಲಿ ತಾಳೆಯಾದರೆ ಮಾತ್ರ ಆ್ಯಕ್ಟಿವೇಶನ್ ಆಗುತ್ತದೆ. ವಿಂಡೋಸ್ 10 ಬಂದ ಮೇಲೆ ಹೆಚ್ಚಿನ ಯಂತ್ರಗಳಲ್ಲಿ ಕೀ ಟೈಪ್ ಮಾಡುವ ಅಗತ್ಯವೂ ಇಲ್ಲ. ಯಂತ್ರದ ಗುರುತೇ ಡಿಜಿಟಲ್ ಲೈಸೆನ್ಸ್ ಆಗಿ ಸರ್ವರ್‌ನಲ್ಲಿ ಉಳಿದಿರುತ್ತದೆ.

ಸ್ಥಿತಿ ತಿಳಿಯಲು ಕೀಬೋರ್ಡಿನಲ್ಲಿ ವಿಂಡೋಸ್ ಗುಂಡಿಯ ಜೊತೆ ಆರ್ ಒತ್ತಿ. ಬಂದ ಪೆಟ್ಟಿಗೆಯಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಎಕ್ಸ್‌ಪಿಆರ್ ಎಂದು ಸೇರಿಸಿ. ಆ್ಯಕ್ಟಿವೇಶನ್ ಕಾಯಮೋ, ಒಂದು ತಾರೀಖಿಗೆ ಮುಗಿಯುವುದೋ ಎಂದು ಅದು ಹೇಳುತ್ತದೆ. ಎಕ್ಸ್‌ಪಿಆರ್ ಬದಲು ಡಿಎಲ್‌ಐ ಎಂದು ಕೊಟ್ಟರೆ ಲೈಸೆನ್ಸ್ ಯಾವ ಜಾತಿಯದು ಎಂಬುದೂ ಗೊತ್ತಾಗುತ್ತದೆ: ಕಂಪನಿಯೇ ಯಂತ್ರದ ಜೊತೆ ಕೊಟ್ಟ ಓಇಎಂ, ಬಿಡಿಯಾಗಿ ಕೊಂಡ ರಿಟೇಲ್, ಇಲ್ಲವೇ ದೊಡ್ಡ ಕಚೇರಿಗಳ ವಾಲ್ಯೂಮ್. ಈ ಒಂದು ಪದ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಅಕ್ಷರ ಮೂಡುವ ಕಾರಣಗಳಲ್ಲಿ ಅತ್ಯಂತ ಅಗ್ಗದ್ದು ತಾರೀಖು. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032 ಅಂತ ಅದರ ನಂಬರ್. ಅದು ಮುಗಿದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ. ತಾರೀಖು ವರ್ಷಗಟ್ಟಲೆ ತಪ್ಪಿದ್ದರೆ ಸರ್ವರ್ ಜೊತೆಗಿನ ಸುರಕ್ಷಿತ ಸಂಪರ್ಕವೇ ಕುದುರುವುದಿಲ್ಲ. ಬ್ಯಾಂಕಿನ, ಸರ್ಕಾರದ ಪುಟಗಳೂ ಅದೇ ಹೊತ್ತಿಗೆ ‘ಸುರಕ್ಷಿತವಲ್ಲ’ ಎನ್ನತೊಡಗಿದರೆ ಇದೇ ರೋಗ. ಸೆಲ್ ಬದಲಿಸಿ, ತಾರೀಖು ಸರಿಪಡಿಸಿ, ಇಂಟರ್ನೆಟ್ ಹಚ್ಚಿ ಮತ್ತೆ ನೋಡಿ.

ತಪ್ಪು ಸರ್ವರ್ ಕಡೆಯದೂ ಆಗಿರಬಹುದು. 2018ರ ನವೆಂಬರ್ 8ರಂದು ಮೈಕ್ರೋಸಾಫ್ಟ್ ಕಡೆಯ ತೊಂದರೆಯಿಂದ ಸಾಚಾ ವಿಂಡೋಸ್ 10 ಪ್ರೊ ಯಂತ್ರಗಳೇ ಆ್ಯಕ್ಟಿವೇಶನ್ ಕಳೆದುಕೊಂಡಿದ್ದವು, ಆಮೇಲೆ ಸರಿಯಾದವು. ಏನೂ ಬದಲಿಸದೆಯೇ ಅಕ್ಷರ ಮೂಡಿದ್ದರೆ ಒಂದು ದಿನ ಕಾಯುವುದು ಒಳ್ಳೆಯದು.

ನಮ್ಮ ಕಡೆ ಹೆಚ್ಚು ಹಣ ಕಳೆಯುವ ತಪ್ಪು ಬೇರೆಯೇ. ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದೀಚೆಗೆ, ವಿಂಡೋಸ್ ಸಮೇತ ಬರುವ ಕಂಪನಿ ಲ್ಯಾಪ್‌ಟಾಪ್‌ಗಳ ಕೀ ಮದರ್‌ಬೋರ್ಡಿನ ಚಿಪ್‌ನೊಳಗೇ ಕೂತಿರುತ್ತದೆ. ಡಿಸ್ಕ್ ಪೂರ್ತಿ ಅಳಿಸಿದರೂ ಅದು ಹೋಗುವುದಿಲ್ಲ. ಮಗಳ ಕಾಲೇಜಿಗೆಂದು ಕೊಂಡ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಹೋಮ್ ಆವೃತ್ತಿ ಇರುತ್ತದೆ. ನಿಧಾನವಾಯಿತೆಂದು ಫಾರ್ಮ್ಯಾಟ್‌ಗೆ ಕೊಟ್ಟರೆ ಪೆನ್‌ಡ್ರೈವ್‌ನಿಂದ ಪ್ರೊ ಹಾಕಿ ಕಳಿಸುತ್ತಾರೆ. ಚಿಪ್‌ನಲ್ಲಿರುವುದು ಹೋಮ್ ಕೀ, ಮೇಲೆ ಕೂತಿರುವುದು ಪ್ರೊ, ಎರಡೂ ತಾಳೆಯಾಗುವುದಿಲ್ಲ. ಆಗ ಹೊಸ ಕೀ ಕೊಳ್ಳಿ ಎಂಬ ಸಲಹೆ ಬರುತ್ತದೆ. ಆಗಲೇ ಹಣ ಕೊಟ್ಟು ಕೊಂಡದ್ದಕ್ಕೆ ಮತ್ತೊಮ್ಮೆ ಹಣ! ಮೈಕ್ರೋಸಾಫ್ಟ್‌ನವರೇ ಉಚಿತವಾಗಿ ಕೊಡುವ ಇನ್‌ಸ್ಟಾಲರ್‌ನಿಂದ ಹೋಮ್ ಹಾಕಿಸಿ ಇಂಟರ್ನೆಟ್‌ಗೆ ಸೇರಿಸಿದರೆ ಸಾಕು, ಒಳಗಿನ ಕೀಯನ್ನು ಅದೇ ಓದಿಕೊಳ್ಳುತ್ತದೆ.

ಪ್ರೊ ತೆಗೆದು ಹೋಮ್ ಹಾಕುವಾಗ ಎಲ್ಲವೂ ಅಳಿಯುತ್ತದೆ, ಆದ್ದರಿಂದ ಫೈಲುಗಳ ನಕಲು ಮೊದಲು. ಡಿಟಿಪಿಯವರು ಫಾಂಟುಗಳನ್ನೂ ನಕಲು ಮಾಡಿಕೊಳ್ಳಲೇಬೇಕು. ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಗಳು ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ.

ಬೆಂಗಳೂರಿನ ಎಸ್‌ಪಿ ರೋಡಿನಿಂದಲೋ ಹೈದರಾಬಾದಿನಿಂದಲೋ ಸೆಕೆಂಡ್ ಹ್ಯಾಂಡ್ ಯಂತ್ರ ತಂದವರಿಗೆ ಇನ್ನೊಂದು ಮಾತು. ಕೊಂಡು ಆರು ತಿಂಗಳಿಗೆ ಸರಿಯಾಗಿ ಅಕ್ಷರ ಮೂಡಿತೆ? ಡಿಎಲ್‌ಐ ಉತ್ತರದಲ್ಲಿ ವಾಲ್ಯೂಮ್, ಕೆಎಂಎಸ್ ಎಂಬ ಪದಗಳಿವೆಯೆ ನೋಡಿ. ಅದು ಹಳೆಯ ಕಚೇರಿಯ ಲೈಸೆನ್ಸ್. 180 ದಿನಕ್ಕೊಮ್ಮೆಯಾದರೂ ಆ ಕಚೇರಿಯ ಸರ್ವರ್‌ಗೆ ಹಾಜರಿ ಹಾಕಬೇಕು. ಆ ಕಚೇರಿ ಬಿಟ್ಟು ಬಂದ ಯಂತ್ರಕ್ಕೆ ಅದು ಸಾಧ್ಯವಿಲ್ಲ. ಇಂಥ ಯಂತ್ರದ ಬೋರ್ಡಿನಲ್ಲಿ ಮೂಲ ಓಇಎಂ ಕೀ ಇರುವ ಸಂಭವವೂ ಉಂಟು, ಆಗ ಅದಕ್ಕೆ ತಕ್ಕ ಆವೃತ್ತಿ ಹಾಕಿದರೆ ಸರಿಹೋಗುತ್ತದೆ.

ಮದರ್‌ಬೋರ್ಡನ್ನೇ ಬದಲಿಸಿದ್ದರೆ ಸರ್ವರ್‌ಗೆ ಅದು ಹೊಸ ಯಂತ್ರ. ಆ್ಯಕ್ಟಿವೇಶನ್ ಪುಟದ ತಪ್ಪಿನ ಸಂಕೇತದ (ಎರರ್ ಕೋಡ್) ಕೊನೆಗೆ ಎಫ್211 ಎಂದು ಕಾಣುವುದು ಈ ಕಾರಣಕ್ಕೆ. ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಲೈಸೆನ್ಸ್ ಸೇರಿಸಿದ್ದರೆ ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂಬ ಆಯ್ಕೆ ಕೊಡಬಹುದು. ರಿಟೇಲ್ ಲೈಸೆನ್ಸ್ ಹೊಸ ಬೋರ್ಡಿಗೂ ದಾಟುತ್ತದೆ. ಓಇಎಂ ಸಾಮಾನ್ಯವಾಗಿ ಹಳೆಯ ಬೋರ್ಡಿನ ಜೊತೆಗೇ ಮುಗಿಯುತ್ತದೆ. ವಿಂಡೋಸ್ 7ರ ಸ್ಟಿಕ್ಕರ್ ಮೇಲಿನ ಕೀಯಿಂದ 10 ಅಥವಾ 11 ನಡೆಸುವ ದಾರಿಯನ್ನು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದ್ದಾರೆ. ಅದಕ್ಕೂ ಮೊದಲೇ ಆ್ಯಕ್ಟಿವೇಟ್ ಆದ ಯಂತ್ರಗಳಿಗೆ ತೊಂದರೆಯಿಲ್ಲ.

ಕೆಲವೇ ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುವ ಕೀಗಳಲ್ಲಿ ಬಹಳಷ್ಟು ಕಚೇರಿಗಳಿಂದ ಸೋರಿ ಬಂದವು, ಮುಂದೊಂದು ದಿನ ತಡೆಯಾಗುತ್ತವೆ. ಸಂಕೇತದ ಕೊನೆಗೆ ಸಿ003 ಕಂಡರೆ ಅದೇ. ಲೈಸೆನ್ಸ್ ಇಲ್ಲದೆಯೇ ಆ್ಯಕ್ಟಿವೇಟ್ ಮಾಡುವ ಕ್ರ್ಯಾಕ್ ಇನ್ನೂ ಅಪಾಯ. ಅದನ್ನು ಓಡಿಸುವ ಮೊದಲು ವಿಂಡೋಸ್‌ನ ವೈರಸ್ ಕಾವಲಾದ ಡಿಫೆಂಡರ್ ಆಫ್ ಮಾಡಿ ಅನ್ನುತ್ತಾರೆ. ಅಂದರೆ ಕಾವಲುಗಾರನನ್ನು ಕಳಿಸಿ, ಅಪರಿಚಿತನಿಗೆ ಇಡೀ ಯಂತ್ರದ ಅಧಿಕಾರ ಕೊಟ್ಟಂತೆ. ಅದೇ ಯಂತ್ರದಲ್ಲಿ ಹಳ್ಳಿಯಿಂದ ಬಂದ ಅಜ್ಜಿಯ ಆಧಾರ್, ಬ್ಯಾಂಕ್ ಪಾಸ್‌ಬುಕ್, ಬೆರಳಚ್ಚು ಹಾದುಹೋಗುತ್ತವೆ. ಅಂಗಡಿಯವರನ್ನು ನಂಬಿ ಕೊಟ್ಟ ದಾಖಲೆಗಳವು. ಲೈಸೆನ್ಸ್‌ಗೆ ಹಣವಿಲ್ಲದಿದ್ದರೆ ಬರೀ ಬರವಣಿಗೆ, ಇಂಟರ್ನೆಟ್ ಕೆಲಸದ ಯಂತ್ರಕ್ಕೆ ವಿಂಡೋಸ್ ಬದಲು ಉಬುಂಟು ಇಲ್ಲವೇ ಲಿನಕ್ಸ್ ಮಿಂಟ್ ಪುಕ್ಕಟೆ ಸಿಗುತ್ತದೆ. ಬೆರಳಚ್ಚು ಸಾಧನ ಜೋಡಿಸಿದ ಯಂತ್ರಕ್ಕೆ ಮಾತ್ರ ಸಾಚಾ ವಿಂಡೋಸ್ ಇಟ್ಟುಕೊಳ್ಳಿ.

ಇನ್ನು ಮುಂದೆ ಯಂತ್ರ ಕೊಳ್ಳುವಾಗ ಸಿಂಧನೂರಿನ ಅಂಗಡಿಯ ಕಟ್ಟೆಯ ಮೇಲೆಯೇ ಎಕ್ಸ್‌ಪಿಆರ್, ಡಿಎಲ್‌ಐ ಎರಡೂ ಹೊಡೆದು ನೋಡಿ, ಉತ್ತರವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಹೋಮೋ ಪ್ರೊನೋ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಂಡೇ ಮಸ್ಕಿಯ ಬಸ್ಸು ಹತ್ತಿ.