ಬಯಲು, ಬಾಯಿ, ಬಟ್ಟೆ

2020ರ ಅಕ್ಟೋಬರ್, ಕೊರೊನಾ ಕಾಲ. ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ಬುಡದಲ್ಲಿ, ಬೆಳಗಿನ ಎಳೆಬಿಸಿಲು. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಇದು. ಮೂಗು ಮುಚ್ಚಿಕೊಂಡು ವಾಕಿಂಗ್ ಬರುವ ಪ್ರಾಣಿಯನ್ನು ಇಷ್ಟು ಸಂಖ್ಯೆಯಲ್ಲಿ ಈ ವರ್ಷವೇ ಕಂಡಿರಬೇಕು.

ಬಂಡೆ ಹತ್ತಿ ಬರುವವರ ಮುಖ ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮೂಗು, ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಿ, ತಮ್ಮದೇ ಉಸಿರಿಗೆ ಕನ್ನಡಕ ಮಸುಕಾಗಿ, ಕಾಲಡಿಯ ದಾರಿ ಕಾಣದೆ ತಡವರಿಸುವವರು ಕೆಲವರು. ಬಾಯಿಗಷ್ಟೇ ಶಿಕ್ಷೆ ಕೊಟ್ಟು ಮೂಗಿಗೆ ಜಾಮೀನು ಕೊಟ್ಟವರು ಇನ್ನು ಕೆಲವರು. ಗದ್ದಕ್ಕೆ ಕಟ್ಟಿಕೊಂಡವರದೇ ಬಹುಮತ. ಒಂದು ಕಿವಿಗೆ ನೇತುಬಿಟ್ಟವರಿದ್ದಾರೆ. ಜೇಬಿನಲ್ಲಿ ಮಡಿಸಿಟ್ಟು, ದೂರದಲ್ಲಿ ಸಮವಸ್ತ್ರ ಕಂಡ ಕೂಡಲೇ ಹೊರಗೆಳೆಯುವವರಿದ್ದಾರೆ. ಉಳಿದ ರವಿಕೆ ಬಟ್ಟೆಯಲ್ಲಿ ದರ್ಜಿಯಿಂದ ಹೊಲಿಸಿ ಸೀರೆಗೆ ಜೋಡಿ ಮಾಡಿಕೊಂಡ ಜಯನಗರದ ಹೆಂಗಸರು ಗುಂಪಾಗಿ ಬರುತ್ತಾರೆ. ಕಸ ಗುಡಿಸುವಾಕೆ ಸೆರಗನ್ನೇ ಮೂಗಿನ ಮೇಲೆ ಎಳೆದು ಕಿವಿಯ ಹಿಂದೆ ಸಿಕ್ಕಿಸಿದ್ದಾಳೆ. ಧೂಳಿಗೆಂದು ಆಕೆ ಅದನ್ನು ಮೊದಲಿನಿಂದಲೂ ಮಾಡುತ್ತಿದ್ದಳು, ಆಗ ಯಾರೂ ಗಮನಿಸಿರಲಿಲ್ಲ.

ಕೆಳಗೆ ಮರದ ನೆರಳಲ್ಲಿ ನಗೆಕೂಟದವರು ಸೇರಿದ್ದಾರೆ. ಆರಡಿಗೊಬ್ಬರಂತೆ ನಿಂತು, ಎರಡೂ ಕೈ ಮೇಲೆತ್ತಿ, ಹಹ್ಹಹ್ಹಾ ಎನ್ನಬೇಕು. ಮಾಸ್ಕಿನೊಳಗಿಂದ ಅದು ಹುಹ್ಹುಹ್ಹೂ ಎಂದು ಕೇಳಿಸುತ್ತದೆ. ಯಾರು ನಗುತ್ತಿದ್ದಾರೆ, ಯಾರು ಸುಮ್ಮನೆ ಕೈ ಎತ್ತಿದ್ದಾರೆ ಎಂದು ಹೇಳಲು ಬರುವುದಿಲ್ಲ. ಸಂಚಾಲಕರು ಸೂಚನೆ ಕೊಡಲು ತಮ್ಮ ಮಾಸ್ಕನ್ನು ಕೆಳಗೆಳೆಯುತ್ತಾರೆ, “ಎಲ್ಲಾರೂ ಮಾಸ್ಕ್ ಸರಿಯಾಗಿ ಹಾಕ್ಕೊಳ್ಳಿ” ಎಂದು ಕೂಗುತ್ತಾರೆ, ಮತ್ತೆ ಮೇಲಕ್ಕೇರಿಸುತ್ತಾರೆ.

ಅಷ್ಟರಲ್ಲಿ ಕೆರೆಯ ಕಡೆಯಿಂದ ಒಬ್ಬ ಹುಡುಗ ಓಡುತ್ತ ಬಂದ. ಕಿವಿಯಲ್ಲಿ ಹಾಡು, ಬೆನ್ನ ಮೇಲೆ ಬೆವರಿನ ನಕಾಶೆ, ಮುಖ ಬರಿದು. ಎದುರಿಗೆ ಬರುತ್ತಿದ್ದ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರ ಠೀವಿಯ ರಾಯರೊಬ್ಬರು ಊರುಗೋಲನ್ನು ಅಡ್ಡ ಹಿಡಿದು ನಿಲ್ಲಿಸಿದರು.

“ಏನಪ್ಪಾ, ಮಾಸ್ಕ್ ಎಲ್ಲಿ?”

“ಓಡೋವಾಗ ಹಾಕ್ಕೊಂಡ್ರೆ ಉಸಿರು ಕಟ್ಟುತ್ತೆ ಅಂಕಲ್. ಡಬ್ಲ್ಯುಎಚ್‌ಒನೇ ಬೇಡ ಅಂದಿದೆ.”

“ಡಬ್ಲ್ಯುಎಚ್‌ಒ ಲಾಲ್‌ಬಾಗಿಗೆ ಬಂದಿತ್ತೇನು? ನೀನು ಉಸ್ ಅಂತ ಬಿಡ್ತೀಯಲ್ಲ, ಅದು ನನ್ನ ಮೂಗಿಗೆ ಬರುತ್ತೆ. ನನಗೆ ಶುಗರ್ ಇದೆ, ಬಿಪಿ ಇದೆ.”

“ನಾನು ಹಾಗೇ ಪಾಸ್ ಆಗಿ ಹೋಗ್ತಿದ್ದೆ ಅಂಕಲ್. ನಿಲ್ಲಿಸ್ಕೊಂಡು ಮಾತಾಡಿಸ್ತಿರೋದು ನೀವು.”

ಹುಡುಗ ಹೇಳಿದ್ದರಲ್ಲಿ ಎರಡೂ ನಿಜ. ವ್ಯಾಯಾಮದ ವೇಳೆ ಮಾಸ್ಕ್ ಬೇಡ, ಅಂತರ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಪಕ್ಕದಲ್ಲಿ ಹಾದು ಹೋಗುವವನಿಗಿಂತ ಎದುರು ನಿಂತು ವಾದ ಮಾಡುವವನ ಬಾಯಿಂದಲೇ ಹೆಚ್ಚು ಹನಿ ಸಿಡಿಯುತ್ತದೆ ಎಂಬುದೂ ಸರಿ. ಆದರೆ ರಾಯರ ಭಯ ಸುಳ್ಳಲ್ಲ. ಅವರ ವಯಸ್ಸಿನವರ ಹೆಸರುಗಳೇ ಪತ್ರಿಕೆಯ ನಿಧನ ವಾರ್ತೆಯಲ್ಲಿ ಸಾಲುಗಟ್ಟಿದ್ದ ದಿನಗಳವು. ಹಾದು ಹೋಗುತ್ತಿದ್ದ ಒಬ್ಬರು ರಾಯರ ಪರ ನಿಂತರು, ಒಬ್ಬಾಕೆ ಹುಡುಗನ ಪರ. “ಮಕ್ಕಳು ಮನೇಲಿ ಕೂತು ಕೂತು ಕೊಳೀತಿದಾವೆ, ಇಲ್ಲಾದ್ರೂ ಉಸಿರಾಡ್ಲಿ ಬಿಡಿ” ಎಂದಳು ಆಕೆ. ಐದು ನಿಮಿಷದಲ್ಲಿ ಅಲ್ಲಿ ಎಂಟು ಜನ. ಒಬ್ಬೊಬ್ಬರೂ ಮಾತು ಸ್ಪಷ್ಟವಾಗಲೆಂದು ಮಾಸ್ಕ್ ಕೆಳಗೆಳೆದುಕೊಂಡು ಮಾಸ್ಕಿನ ಬಗ್ಗೆ ಚರ್ಚಿಸಿದರು.

ಜನರನ್ನೇ ದೂರಿ ಫಲವಿಲ್ಲ. ಆರೋಗ್ಯವಂತರಿಗೆ ಮಾಸ್ಕ್ ಬೇಡ ಎಂಬ ಮಾತನ್ನು ಮಾರ್ಚಿನಲ್ಲಿ ಕೇಳಿದ್ದೆವು. ಏಪ್ರಿಲ್‌ನಲ್ಲಿ, ಮನೆಯಲ್ಲೇ ಹೊಲಿದುಕೊಂಡಾದರೂ ಹಾಕಿಕೊಳ್ಳಿ ಎಂದರು. ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಇಲಾಖೆ, ಒಬ್ಬರೇ ಕಾರು ಓಡಿಸುವಾಗ, ಒಬ್ಬರೇ ಸೈಕಲ್ ತುಳಿಯುವಾಗ ಮಾಸ್ಕ್ ಹಾಕಬೇಕೆಂಬ ಸೂಚನೆಯನ್ನು ತಾನು ಕೊಟ್ಟೇ ಇಲ್ಲ ಎಂದಿತು. ಮರು ವರ್ಷ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ಒಬ್ಬರೇ ಇದ್ದರೂ ಕಾರು ಸಾರ್ವಜನಿಕ ಸ್ಥಳವೇ, ಮಾಸ್ಕ್ ಕಡ್ಡಾಯ ಎಂದು ತೀರ್ಪು ಕೊಟ್ಟಿತು. ಬಾಗಿಲು ಹಾಕಿದ ಕಾರಿನಲ್ಲಿ ತನ್ನಿಂದ ತನ್ನನ್ನೇ ಕಾಪಾಡಿಕೊಳ್ಳುತ್ತಿದ್ದವನನ್ನು ನೋಡಿ ನಕ್ಕವರೆಷ್ಟೋ. ಸಿಗ್ನಲ್‌ನಲ್ಲಿ ಅವನು ಗಾಜು ಇಳಿಸುತ್ತಾನಲ್ಲ, ಆಗೇನು ಎಂದು ಕೇಳಿದವರೂ ಇದ್ದರು.

ದಂಡದ್ದೂ ಹಾಗೆಯೇ. 2020ರ ಅಕ್ಟೋಬರ್ ಮೊದಲ ವಾರ, ಮಾಸ್ಕ್ ಇಲ್ಲದಿದ್ದರೆ ನಗರದಲ್ಲಿ 1,000 ರೂಪಾಯಿ, ಹಳ್ಳಿಗಳ ಕಡೆ 500 ಎಂದು ಸರ್ಕಾರ ಏರಿಸಿತು. ಬೊಬ್ಬೆ ಎದ್ದಿತು. ಕೆಲವೇ ದಿನದಲ್ಲಿ ಅದು 250 ಮತ್ತು 100ಕ್ಕೆ ಇಳಿಯಿತು. ಆ ನಡುವಿನ ದಿನಗಳಲ್ಲಿ ಸಿಕ್ಕಿಬಿದ್ದವರ ಸಂಕಟವನ್ನು ಯಾವ ರಸೀತಿಯೂ ಹೇಳುವುದಿಲ್ಲ.

ಅಂಥದೊಂದು ದಿನದ ಸಿಗ್ನಲ್ ನೋಡಿ. ದಂಡ ಹಾಕುವ ಪಾಲಿಕೆಯ ಮಾರ್ಷಲ್ ಒಬ್ಬರು ರಸ್ತೆ ಬದಿಯಲ್ಲಿ ನಿಂತಿದ್ದಾರೆ. ಸೈನ್ಯದಲ್ಲಿದ್ದು ಬಂದವರೆಂದು ನಿಂತ ನಿಲುವೇ ಹೇಳುತ್ತದೆ. ಕೈಯಲ್ಲಿ ರಸೀತಿ ಪುಸ್ತಕ, ಬಿಸಿಲಿಗೆ ಕೆಂಪಾದ ಕಣ್ಣು. ಗೋಣಿಚೀಲ ಕಟ್ಟಿದ ಹಳೆಯ ಸ್ಕೂಟರೊಂದು ನಿಲ್ಲುತ್ತದೆ.

“ಹೆಲ್ಮೆಟ್ ಇದೆಯಲ್ಲ ಸಾರ್, ಗಾಜೂ ಇಳಿಸಿದೀನಿ. ಇದಕ್ಕಿಂತ ಮಾಸ್ಕ್ ಬೇಕಾ?”

“ಹೆಲ್ಮೆಟ್ ತಲೆಗೆ. ಮಾಸ್ಕ್ ಮೂಗಿಗೆ. ಸಾವಿರ ಕಟ್ಟಿ.”

“ಸಾವಿರ ಅಂದ್ರೆ ನಂಗೆ ಎರಡು ದಿನದ ಕೂಲಿ ಸಾರ್. ಗಾಡೀಲಿ ನಾನೊಬ್ನೇ ಇದೀನಿ, ಹಿಂದೆ ಇರೋದು ಈರುಳ್ಳಿ.”

“ನನ್ ಕೈಲೇನಿದೆ? ಆರ್ಡರ್ ಇದೆ.”

ಪಕ್ಕದಲ್ಲಿ ಕಪ್ಪು ಗಾಜಿನ ಕಾರೊಂದು ಎಂಜಿನ್ ಗುರುಗುಟ್ಟಿಸುತ್ತ ನಿಂತಿತ್ತು. ಒಳಗೆ ನಾಲ್ಕು ಜನ, ಏಸಿ, ಜೋರು ನಗು. “ಅವರನ್ನ ಕೇಳಿ ನೋಡೋಣ” ಎಂದ ಸ್ಕೂಟರಿನವನು. ಮಾರ್ಷಲ್ ಅತ್ತ ನೋಡಿದರು, ಸಿಗ್ನಲ್ ಹಸಿರಾಯಿತು, ಕಾರು ಹೋಯಿತು. ಅಷ್ಟರಲ್ಲಿ ಇಬ್ಬರು ಮೊಬೈಲ್ ಎತ್ತಿ ವಿಡಿಯೊ ಶುರು ಮಾಡಿದ್ದರು. ಮಾರ್ಷಲ್ ದನಿ ಏರಿಸಿದರು, ಸ್ಕೂಟರಿನವನೂ ಏರಿಸಿದ, ವಿಡಿಯೊ ಮಾಡುವವನು ಇಬ್ಬರಿಗಿಂತ ಜೋರಾಗಿ ಕಾನೂನು ಹೇಳತೊಡಗಿದ. ಮಾರ್ಷಲ್ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ದಿನವಿಡೀ ಅಪರಿಚಿತರ ಬಾಯಿಯ ಮುಂದೆ ನಿಂತು ಬೈಗುಳ ತಿನ್ನುವ ಆ ಕೆಲಸವನ್ನು ಸಾವಿರ ರೂಪಾಯಿ ಕೊಟ್ಟರೂ ನಾನು ಮಾಡಲಾರೆ.

ನನ್ನ ತಕರಾರು ಬೇರೆ. ನಿಯಮಕ್ಕೆ ಕಣ್ಣು ಹಾಯುವಷ್ಟೇ ದೂರ. ರಸ್ತೆಯಲ್ಲಿರುವ ಮೂಗು ಕಾಣುತ್ತದೆ, ತಳ್ಳುಗಾಡಿಯವನ ಮೂಗು ಕಾಣುತ್ತದೆ, ಬಸ್‌ಸ್ಟಾಪಿನಲ್ಲಿ ಕಾಯುವವಳ ಮೂಗು ಕಾಣುತ್ತದೆ. ನಾಲ್ಕನೇ ಮಹಡಿಯಲ್ಲಿ ಕಿಟಕಿ ತೆರೆಯದ ಮೀಟಿಂಗ್ ರೂಮಿನ ಮೂಗು ಯಾರಿಗೂ ಕಾಣುವುದಿಲ್ಲ. ಗಾಳಿ ಎಲ್ಲಿ ಧಾರಾಳವೋ ಅಲ್ಲಿ ದಂಡ, ಎಲ್ಲಿ ಮಡುಗಟ್ಟಿದೆಯೋ ಅಲ್ಲಿ ಬಿಡುವು.

ಇದನ್ನು ನೋಡಲು ದೂರ ಹೋಗಬೇಕಿಲ್ಲ. ಲಾಲ್‌ಬಾಗಿನಿಂದ ಹೊರಬಿದ್ದ ಮಂದಿ ಹತ್ತಿರದ ದರ್ಶಿನಿಗೆ ನುಗ್ಗುತ್ತಾರೆ. ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ, ಹಣೆಗೆ ಹಿಡಿಯುವ ಥರ್ಮಾಮೀಟರು. ಎಲ್ಲರ ಉಷ್ಣಾಂಶವೂ ಅದು ಹೇಳುವಂತೆ ಬೆಂಗಳೂರಿನ ಹವೆಯಷ್ಟೇ ಹಿತ. ಒಳಗೆ ಕಾಲಿಟ್ಟ ತಕ್ಷಣ ಮಾಸ್ಕ್ ಜೇಬಿಗೆ. ಸ್ಟೀಲ್ ಕಟ್ಟೆಯ ಸುತ್ತ ಮೊಣಕೈಗೆ ಮೊಣಕೈ, ಖಾಲಿ ದೋಸೆಯ ಹಬೆ, ಗ್ರೈಂಡರಿನ ಸದ್ದು, ಅದನ್ನು ಮೀರಿಸಬೇಕಾದ ಮಾತು. ಊರುಗೋಲನ್ನು ಗೋಡೆಗೆ ಒರಗಿಸಿ ನಮ್ಮ ರಾಯರು ಬೈಟು ಕಾಫಿ ಊದುತ್ತಿದ್ದಾರೆ. ಅರ್ಧ ಲೋಟದ ಇನ್ನೊಬ್ಬ ಪಾಲುದಾರರಿಗೆ ಬೆಳಗಿನ ಹುಡುಗನ ಉದ್ಧಟತನವನ್ನು ಅಭಿನಯ ಸಮೇತ ಬಣ್ಣಿಸುತ್ತಿದ್ದಾರೆ. ಇಬ್ಬರ ಮುಖದ ನಡುವೆ ಒಂದು ಗೇಣು.

ಚೀನಾದ ಸಂಶೋಧಕರು 2020ರ ಜನವರಿ, ಫೆಬ್ರುವರಿಯ ಸೋಂಕಿನ ಜಾಡು ಹಿಡಿದು ಒಂದು ಲೆಕ್ಕ ಮಾಡಿದ್ದರು. ಹುಬೈ ಪ್ರಾಂತ್ಯದ ಹೊರಗೆ, ಮೂರು ಅಥವಾ ಹೆಚ್ಚು ಜನರಿಗೆ ಒಟ್ಟಿಗೆ ಹರಡಿದ 318 ಪ್ರಸಂಗಗಳು ಸಿಕ್ಕವು. ಎಲ್ಲವೂ ಸೂರಿನಡಿ ಆದವೇ, ಹೆಚ್ಚಿನವು ಮನೆಯೊಳಗೆ. ಆ ಲೆಕ್ಕದ ಹೊರಗೆ, ಬಯಲಿನಲ್ಲಿ ಹರಡಿದ್ದೆಂದು ಸಿಕ್ಕಿದ್ದು ಒಂದೇ ಒಂದು ಪ್ರಸಂಗ: ಹಳ್ಳಿಯಲ್ಲಿ ಒಬ್ಬ, ವುಹಾನ್‌ನಿಂದ ಬಂದವನೊಡನೆ ಮನೆಯ ಹೊರಗೆ ನಿಂತು ಮಾತಾಡಿದ್ದು. ಜನ ಆಗ ಚಳಿಗೆ ಒಳಗೇ ಇದ್ದರೆಂಬುದನ್ನೂ ನೆನಪಿಡಬೇಕು. ಆದರೂ ದಿಕ್ಕು ಸ್ಪಷ್ಟವಿತ್ತು. ಉಸಿರಿನ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಊದುಬತ್ತಿಯ ಹೊಗೆಯಂತೆ ತೇಲುತ್ತ ತುಂಬಿಕೊಳ್ಳುತ್ತವೆ, ಬಯಲಲ್ಲಿ ಚದುರಿಹೋಗುತ್ತವೆ. ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ ಎಂದು 239 ವಿಜ್ಞಾನಿಗಳು 2020ರ ಜುಲೈನಲ್ಲೇ ಬಹಿರಂಗ ಪತ್ರ ಬರೆದರು. ನಮ್ಮಲ್ಲಿ ಆ ಹೊತ್ತಿಗೆ ತರಕಾರಿಯನ್ನು ಸೋಪಿನಲ್ಲಿ ತೊಳೆಯುವುದು ನಡೆದಿತ್ತು.

ವಿಚಿತ್ರವೆಂದರೆ ಬಯಲಿನ ಗುಣ ನಮ್ಮ ಹಿರಿಯರಿಗೆ ತಿಳಿದಿತ್ತು. ಪ್ಲೇಗು ಬಂದಾಗ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಇಲಿ ಬಿತ್ತು ಎಂದರೆ ಸಾಕು, ಗಂಟುಮೂಟೆ ಕಟ್ಟುತ್ತಿದ್ದರು. 1898ರಲ್ಲಿ ಬೆಂಗಳೂರಿನ ಪೇಟೆಯ ಇಕ್ಕಟ್ಟಿನಲ್ಲಿ ಪ್ಲೇಗು ತಾಂಡವವಾಡಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗೆ ಚುರುಕು ಬಂತು. ಅಗಲದ ರಸ್ತೆ, ಮನೆಮನೆಗೂ ಗಾಳಿ ಬೆಳಕು ಎಂಬ ಆಸೆಯಲ್ಲಿ ಎಳೆದ ನಕ್ಷೆ ಅದು. ಪ್ಲೇಗಿಗೆ ಇಲಿಯ ಚಿಗಟ ಕಾರಣ, ಕೊರೊನಾಕ್ಕೆ ಉಸಿರು ಕಾರಣ. ಎರಡೂ ಬೇರೆ ನಿಜ. ಆದರೆ ಅದೇ ಬಸವನಗುಡಿಯ ಅಗಲದ ರಸ್ತೆಯಲ್ಲಿ ಮರದ ಕೆಳಗೆ ಒಬ್ಬಂಟಿಯಾಗಿ ನಿಂತವನ ಮೂಗಿನ ಮೇಲೆ ಊರೆಲ್ಲ ಕಣ್ಣಿಟ್ಟ ಕಾಲ ಬಂತು. ರೋಗ ಬಂದರೆ ಹೊರಗೆ ಓಡಿ ಎನ್ನುತ್ತಿದ್ದ ಊರು ಈಗ ಹೊರಗಿರುವವನನ್ನೇ ಅನುಮಾನಿಸುತ್ತಿತ್ತು.

2021ರ ಏಪ್ರಿಲ್ ಹೊತ್ತಿಗೆ ವಾದಗಳು ಬಾಯಿ ಮುಚ್ಚಿದವು. ಆಂಬುಲೆನ್ಸಿನ ಸದ್ದು ಹಗಲು ರಾತ್ರಿ ಬೇರೆ ಮಾಡದೆ ಕೇಳುತ್ತಿತ್ತು, ಚಿತಾಗಾರಗಳ ಮುಂದೆ ಶವವಾಹನಗಳ ಸಾಲು. ಆಗ ತಾರಸಿಯ ಮೇಲೆ ಬಟ್ಟೆ ಒಣಹಾಕುವವರೂ ಮಾಸ್ಕ್ ಹಾಕಿಕೊಂಡರು, ಕೆಲವರು ಒಂದರ ಮೇಲೊಂದು ಎರಡು. ಏಪ್ರಿಲ್ 27ರ ರಾತ್ರಿ 9ರಿಂದ ಕರ್ನಾಟಕದಲ್ಲಿ 14 ದಿನಗಳ ಕರ್ಫ್ಯೂ ಶುರುವಾಯಿತು. ಅದೇ 27ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಟಿಸಿದ್ದು: ಲಸಿಕೆ ಪೂರ್ತಿ ಆದವರು ಬಯಲಲ್ಲಿ, ದೊಡ್ಡ ಗುಂಪಿಲ್ಲದ ಕಡೆ, ಮಾಸ್ಕ್ ತೆಗೆಯಬಹುದು.

ನ್ಯೂಜೆರ್ಸಿಯ ಮಗ, ಜಯನಗರದ ಅಮ್ಮ. ಇಂಥ ಫೋನು ಆ ವಾರ ಎಷ್ಟು ಮನೆಗಳಲ್ಲಿ ರಿಂಗಾಗಿತ್ತೋ.

“ಅಮ್ಮಾ, ಇವತ್ತು ಪಾರ್ಕಿಗೆ ಮಾಸ್ಕ್ ಇಲ್ದೆ ಹೋಗಿದ್ವಿ. ಮಕ್ಕಳು ಕುಣೀತಿದ್ವು.”

“ಯಾಕೋ, ನಿನಗೇನು ಬುದ್ಧಿ ಇಲ್ವಾ?”

“ಇಲ್ಲಿ ರೂಲೇ ಬದಲಾಗಿದೆ ಅಮ್ಮಾ. ಎರಡೂ ಡೋಸ್ ಆಗಿದೆಯಲ್ಲ ನಮಗೆ.”

“ನನ್ನ ಎರಡನೇದಕ್ಕೆ ನಾಳೆ ಬಾ ಅಂದಿದಾರೆ, ನಾಳೆ ಹೋದ್ರೆ ಸ್ಟಾಕ್ ಇಲ್ಲ ಅಂತಾರೆ. ನೀನು ಹಾಕ್ಕೋ ಸುಮ್ನೆ. ಫೋಟೋ ಕಳ್ಸು, ಹಾಕ್ಕೊಂಡಿರೋದು.”

ಒಂದು ವರ್ಷದ ಹಿಂದೆ ಇದೇ ಮಾತು ಉಲ್ಟಾ ಇತ್ತು: ನ್ಯೂಯಾರ್ಕಿನ ಸುದ್ದಿ ನೋಡಿ ಕಂಗಾಲಾದ ಮಗ, ಅಮ್ಮಾ ತರಕಾರಿಗೂ ಹೊರಗೆ ಹೋಗಬೇಡ ಎನ್ನುತ್ತಿದ್ದ.

ತರಕಾರಿಗೆ ಹೋಗದೆ ಆಗುತ್ತದೆಯೆ? ಕರ್ಫ್ಯೂ ನಡುವೆ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10ರವರೆಗೆ ಬಿಡುವು. ದಿನವಿಡೀ ಹರಡಿಕೊಳ್ಳುತ್ತಿದ್ದ ಜನ ಆ ನಾಲ್ಕು ಗಂಟೆಯಲ್ಲಿ ಕಿಕ್ಕಿರಿದರು. ಗಾಂಧಿ ಬಜಾರಿನ ಬದಿಯಲ್ಲಿ ಒಂಬತ್ತೂ ಮುಕ್ಕಾಲು. ಕೈಚೀಲಗಳು ಒಂದಕ್ಕೊಂದು ಉಜ್ಜುತ್ತಿವೆ, ದೂರದಲ್ಲಿ ಪೊಲೀಸರ ಪೀಪಿ ಶುರುವಾಗಿದೆ. ಪೀಪಿ ಊದಲು ಅವರೂ ಮಾಸ್ಕ್ ಇಳಿಸಲೇಬೇಕು. ಸೊಪ್ಪಿನವಳು ಗೋಣಿತಾಟಿನ ಮೇಲೆ ದಂಟು, ಮೆಂತ್ಯ, ಸಬ್ಬಸಿಗೆ ಹರಡಿಕೊಂಡು ಕೂತಿದ್ದಾಳೆ. ಮುಖಕ್ಕೆ ಗಂಡನ ಟವೆಲು ಬಿಗಿದಿದ್ದಾಳೆ. ಮಾಸ್ಕನ್ನು ಗದ್ದಕ್ಕಿಳಿಸಿದ ಒಬ್ಬಾಕೆ ಬಗ್ಗಿ, ಕೊತ್ತಂಬರಿ ಕಟ್ಟನ್ನು ಮೂಗಿಗೆ ಹಿಡಿದು ಮೂಸಿ, ರೇಟು ಕೇಳಿದಳು.

“ಮೊದ್ಲು ಅದನ್ನ ಮೇಲಕ್ಕೆ ಹಾಕ್ಕೊಳ್ಳಿ ಅಕ್ಕಾ.”

“ಅಯ್ಯೋ, ಬಯಲಲ್ಲಿ ಏನೂ ಆಗಲ್ಲ ಕಣಮ್ಮಾ. ಟೀವೀಲೇ ಹೇಳಿದಾರೆ.”

“ಬಯಲೇ ಸರಿ ಅಕ್ಕಾ. ನೀವು ಬಗ್ಗಿರೋದು ನನ್ನ ಮುಖದ ಮೇಲಲ್ವಾ?”

ಆಕೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಮಾಸ್ಕ್ ಮೇಲಕ್ಕೆ ಹೋಯಿತು, ಮೂಗಿನ ಅರ್ಧದವರೆಗೆ.

“ಸರಿ, ಎಷ್ಟು ಹೇಳು.”

“ಕಟ್ಟು ಇಪ್ಪತ್ತು.”

“ಇಪ್ಪತ್ತಾ! ಹತ್ತಕ್ಕೆ ಕೊಡು. ಇನ್ನೈದು ನಿಮಿಷಕ್ಕೆ ಪೊಲೀಸ್ನೋರು ಎಬ್ಬಿಸ್ತಾರೆ, ಆಮೇಲೆ ಯಾರಿಗೆ ಮಾರ್ತೀಯ?”

“ನಿಮ್ಮನ್ನೂ ಎಬ್ಬಿಸ್ತಾರೆ ಅಕ್ಕಾ. ಹದಿನೈದು ಕೊಡಿ, ತಗೊಂಡು ಹೋಗಿ.”